ವಾಲ್ಯೂಮ್ ಮೆಶ್ ಆಗ್ತಿಲ್ವಾ? ಮೊದಲು ಹೊರಮೈ ನೋಡಿ

ಪ್ರಶ್ನೆ: ಮೆಕ್ಯಾನಿಕಲ್ ಮುಗಿಸಿ ಒಂದು ಸಣ್ಣ ಡಿಸೈನ್ ಕಂಪನಿ ಸೇರಿದ್ದೇನೆ. ಅಲ್ಯೂಮಿನಿಯಂ ಗೇರ್‌ಬಾಕ್ಸ್ ಹೌಸಿಂಗ್ ಒಂದರ ಸ್ಟ್ರೆಸ್ ಅನಾಲಿಸಿಸ್ ಮಾಡಬೇಕು. ಗ್ರಾಹಕರು ಕೊಟ್ಟಿರುವುದು ಐಜೆಸ್ (IGES) ಕ್ಯಾಡ್ ಫೈಲ್. ಸರ್ಫೇಸ್ ಮೆಶ್, ಅಂದರೆ ಹೊರಮೈ ಮೇಲಿನ ತ್ರಿಕೋನಗಳ ಬಲೆ, ಚೆನ್ನಾಗಿಯೇ ಆಗುತ್ತದೆ. ಒಳಗೆ ಟೆಟ್ರಾ (ನಾಲ್ಕು ಮುಖದ ಸಣ್ಣ ಎಲಿಮೆಂಟ್, ಅಂದರೆ ತುಂಡು) ತುಂಬಿಸಲು ಹೋದರೆ ಒಮ್ಮೆ ಫೇಲ್ ಅನ್ನುತ್ತದೆ, ಸೈಜ್ ಬದಲಿಸಿದರೆ ಗಂಟೆಗಟ್ಟಲೆ ಓಡುತ್ತಲೇ ಇರುತ್ತದೆ. ಒಂದು ಸಲ ಹೇಗೋ ಆಯಿತು, ಆದರೆ ಸಾಲ್ವರ್ ನೆಗೆಟಿವ್ ಜಾಕೋಬಿಯನ್ ಅಂತ ಹೇಳಿ ನಿಂತುಬಿಟ್ಟಿತು. ನಮ್ಮ ಸೀನಿಯರ್ ಹೆಕ್ಸಾ (ಆರು ಮುಖದ ಇಟ್ಟಿಗೆಯಂಥ ಎಲಿಮೆಂಟ್) ಮೆಶ್ ಮಾಡು ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ ಸರ್?

ಉತ್ತರ: ಸೈಜ್ ಬದಲಿಸಿ ಮತ್ತೆ ಮತ್ತೆ ಮೆಶ್ ಬಟನ್ ಒತ್ತುವುದನ್ನು ಮೊದಲು ನಿಲ್ಲಿಸಿ. 5 ಮಿ.ಮೀ. ಇದ್ದದ್ದನ್ನು 4.7 ಮಾಡಿದಾಗ ಮೆಶ್ ಆಗಿಬಿಟ್ಟರೂ ಖುಷಿ ಪಡಬೇಡಿ. ತೊಂದರೆ ಇದ್ದಲ್ಲೇ ಇದೆ, ಈ ಸಲ ತ್ರಿಕೋನಗಳು ಅದರ ಪಕ್ಕಕ್ಕೆ ಬಿದ್ದಿವೆ ಅಷ್ಟೆ. ನಾಳೆ ಗ್ರಾಹಕರು ಒಂದು ರಿಬ್ ದಪ್ಪ ಮಾಡಿ ಹೊಸ ಫೈಲ್ ಕಳಿಸಿದರೆ ಮತ್ತೆ ಅದೇ ಗೋಳು.

ನೀವು ಹೇಳಿದ ಮೂರೂ ತೊಂದರೆ ಬೇರೆ ಬೇರೆ ಅನಿಸಬಹುದು. ನನ್ನ ಪ್ರಕಾರ ಮೂರರ ಬೇರೂ ಹೊರಮೈಯಲ್ಲೇ ಇದೆ. ಟೆಟ್ರಾ ಮೆಶರ್ ಸಾಮಾನ್ಯವಾಗಿ ಮೊದಲು ಅಂಚುಗಳ ಮೇಲೆ ನೋಡ್ (ಎಲಿಮೆಂಟುಗಳು ಸೇರುವ ಬಿಂದು) ಇಡುತ್ತದೆ, ಆಮೇಲೆ ಒಂದೊಂದು ಮುಖದ ಮೇಲೂ ತ್ರಿಕೋನ ಹಾಸುತ್ತದೆ, ಕೊನೆಗೆ ಆ ತ್ರಿಕೋನಗಳನ್ನೇ ಗೋಡೆ ಮಾಡಿಕೊಂಡು ಒಳಗೆ ಟೆಟ್ರಾ ತುಂಬುತ್ತದೆ. ತುಂಬುವ ವಿಧಾನ ಡೆಲೋನೆ ಇರಲಿ, ಅಡ್ವಾನ್ಸಿಂಗ್ ಫ್ರಂಟ್ ಇರಲಿ, ಗೋಡೆ ಸರಿಯಾಗಿದೆ ಅಂತ ನಂಬಿಯೇ ಹೊರಡುತ್ತವೆ. ಅಕ್ಕಿ ಚೀಲದ ಹೊಲಿಗೆ ಒಂದು ಕಡೆ ಬಿಟ್ಟಿದ್ದರೂ ಸಾಕು, ಉಳಿದದ್ದೆಲ್ಲ ಗಟ್ಟಿಯಾಗಿ ಹೊಲಿದಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಸರ್ಫೇಸ್ ಮೆಶರ್‌ಗೆ ಈ ಚಿಂತೆಯೇ ಇಲ್ಲ. ಅದು ಒಂದೊಂದು ಮುಖವನ್ನೂ ತನ್ನಷ್ಟಕ್ಕೆ ಮೆಶ್ ಮಾಡಿ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಸ್ಕ್ರೀನ್ ಮೇಲೆ ಎಲ್ಲ ಚೆನ್ನಾಗಿ ಕಾಣುತ್ತದೆ, ಅಲ್ವಾ? ಚೆನ್ನಾಗಿ ಕಂಡಿದ್ದಕ್ಕೆ ಮುಚ್ಚಿದೆ ಅಂತ ಅರ್ಥ ಅಲ್ಲ.

ನಿಮ್ಮ ಫೈಲಿನ ವಿಷಯಕ್ಕೆ ಬರೋಣ. ಐಜೆಸ್ 1980ರ ಕಾಲದ ಫಾರ್ಮ್ಯಾಟ್. ಅದರಲ್ಲಿ ಹೆಚ್ಚಾಗಿ ಬರುವುದು ಬಿಡಿ ಬಿಡಿ ಮುಖಗಳು. ಈ ಮುಖದ ಅಂಚೂ ಪಕ್ಕದ ಮುಖದ ಅಂಚೂ ಒಂದೇ ಅನ್ನುವ ಮಾಹಿತಿ ಸಾಮಾನ್ಯವಾಗಿ ಇರುವುದಿಲ್ಲ, ನಿಮ್ಮ ಸಾಫ್ಟ್‌ವೇರ್ ಅದನ್ನು ಊಹಿಸಿ ಹೊಲಿಯಬೇಕು. ಆದ್ದರಿಂದ ಎಲ್ಲಕ್ಕಿಂತ ಅಗ್ಗದ ಪರಿಹಾರ ಒಂದು ಮೇಲ್: ಸ್ಟೆಪ್ ಅಥವಾ ಪ್ಯಾರಾಸಾಲಿಡ್ ಫೈಲ್ ಕೊಡಿ ಅಂತ ಕೇಳಿ. ಹೊಸಬರು ಇದನ್ನು ಕೇಳಲು ಯಾಕೋ ಹಿಂಜರಿಯುತ್ತಾರೆ. ಗ್ರಾಹಕರಿಗೆ ಅದು ಎರಡು ನಿಮಿಷದ ಕೆಲಸ, ನಿಮಗೆ ಎರಡು ದಿನ ಉಳಿಯುತ್ತದೆ.

ಸ್ಟೆಪ್ ಬಂದರೂ ಎಲ್ಲ ಸರಿಹೋಗುತ್ತದೆ ಅಂತ ಅಂದುಕೊಳ್ಳಬೇಡಿ. ಒಂದೊಂದು ಕ್ಯಾಡ್‌ಗೂ ಒಂದೊಂದು ಟಾಲರೆನ್ಸ್. ಕ್ಯಾಟಿಯಾದಲ್ಲಿ ಮಾಮೂಲಿಯಾಗಿ ಎರಡು ಅಂಚುಗಳ ನಡುವೆ 0.001 ಮಿ.ಮೀ. ಒಳಗೆ ಸಂದು ಇದ್ದರೆ ಅವು ಸೇರಿವೆ ಅಂತ ಲೆಕ್ಕ. ಪ್ಯಾರಾಸಾಲಿಡ್ ಕರ್ನಲ್‌ನ ಡೀಫಾಲ್ಟ್ ನಿಖರತೆ 0.00001 ಮಿ.ಮೀ., ಅಂದರೆ ನೂರು ಪಟ್ಟು ಬಿಗಿ. ಅಲ್ಲಿ ಮುಚ್ಚಿದ್ದ ಸಾಲಿಡ್ ಇಲ್ಲಿ ತೆರೆದುಕೊಳ್ಳುವುದಕ್ಕೆ ಯಾರ ತಪ್ಪೂ ಬೇಕಾಗಿಲ್ಲ.

ಈಗ ಸಂದು ಹುಡುಕುವುದು. ಸರಿಯಾಗಿ ಮುಚ್ಚಿದ ಹೊರಮೈಯಲ್ಲಿ ಪ್ರತಿ ತ್ರಿಕೋನದ ಪ್ರತಿ ಅಂಚನ್ನೂ ಸರಿಯಾಗಿ ಎರಡೇ ತ್ರಿಕೋನಗಳು ಹಂಚಿಕೊಂಡಿರುತ್ತವೆ. ಒಂದೇ ಇದ್ದರೆ ಅದು ಫ್ರೀ ಎಡ್ಜ್, ಅಲ್ಲಿ ತೂತಿದೆ. ಮೂರು ಅಥವಾ ಜಾಸ್ತಿ ಇದ್ದರೆ ಟಿ-ಎಡ್ಜ್, ಅಲ್ಲಿ ಒಂದು ಮುಖ ಹೆಚ್ಚುವರಿಯಾಗಿ ಅಂಟಿಕೊಂಡಿದೆ ಅಥವಾ ಒಂದೇ ಮುಖ ಎರಡು ಸಲ ಬಂದಿದೆ. ಹೈಪರ್‌ಮೆಶ್ ಆದರೆ ಜಿಯಾಮೆಟ್ರಿಯಲ್ಲಿ ಫ್ರೀ ಎಡ್ಜ್ ಕೆಂಪು, ಟಿ-ಎಡ್ಜ್ ಹಳದಿ, ಸರಿಯಾಗಿ ಸೇರಿದ್ದು ಹಸಿರು. ಹಸಿರನ್ನು ಆಫ್ ಮಾಡಿ, ಉಳಿದದ್ದೇ ನಿಮ್ಮ ಕೆಲಸದ ಪಟ್ಟಿ. ಜಿಯಾಮೆಟ್ರಿಯಲ್ಲಿ ನೋಡಿ ಸುಮ್ಮನಾಗಬೇಡಿ, ತ್ರಿಕೋನಗಳಾದ ಮೇಲೆ ಮೆಶ್ ಮೇಲೂ ಇದೇ ಪರೀಕ್ಷೆ ಮಾಡಿ. ಇನ್ನೊಂದು ಸುಲಭದ ಲೆಕ್ಕ ಇದೆ, ಯಾವ ಸಾಫ್ಟ್‌ವೇರಿಗಾದರೂ ನಡೆಯುತ್ತದೆ. ಮುಚ್ಚಿದ ಮೈಯಲ್ಲಿ ತ್ರಿಕೋನಗಳ ಒಟ್ಟು ಸಂಖ್ಯೆ ಸಮಸಂಖ್ಯೆ ಆಗಿರಲೇಬೇಕು. ಪ್ರತಿ ತ್ರಿಕೋನಕ್ಕೆ ಮೂರು ಅಂಚು, ಪ್ರತಿ ಅಂಚಿಗೆ ಎರಡು ತ್ರಿಕೋನ, ಹಾಗಾಗಿ. 48,217 ಅಂತ ಬಂದರೆ ಎಲ್ಲೋ ಕೆಟ್ಟಿದೆ ಅಂತ ನೋಡದೆಯೇ ಹೇಳಬಹುದು. ಸಮಸಂಖ್ಯೆ ಬಂದರೆ ಸರಿ ಇದೆ ಅಂತ ಗ್ಯಾರಂಟಿ ಏನೂ ಇಲ್ಲ, ಎರಡು ತ್ರಿಕೋನ ಕಾಣೆಯಾಗಿದ್ದರೂ ಸಮವೇ ಬರುತ್ತದೆ.

ಸಂದು ಮುಚ್ಚುವಾಗ ಟಾಲರೆನ್ಸ್ ಸಿಕ್ಕಾಪಟ್ಟೆ ಏರಿಸಬೇಡಿ. 0.01ರಲ್ಲಿ ಸೇರಲಿಲ್ಲ, 0.1, ಅದರಲ್ಲೂ ಸೇರಲಿಲ್ಲ, 1 ಕೊಡೋಣ ಅಂತ ಹೋದರೆ ಒಂದು ಮಿ.ಮೀ. ಒಳಗಿನ ನಿಜವಾದ ಅಂಚುಗಳೂ ಒಂದರೊಳಗೊಂದು ಕುಸಿಯುತ್ತವೆ. ತೆಳುವಾದ ಗೋಡೆಯ ಎರಡು ಬದಿಯ ನೋಡ್‌ಗಳು ಅಂಟಿಕೊಂಡರೆ ಮುಗಿಯಿತು, ಫ್ರೀ ಎಡ್ಜ್ ಹೋಗಿ ಟಿ-ಎಡ್ಜ್ ಬರುತ್ತದೆ. ನೋಡ್ ಸೇರಿಸುವ ಟಾಲರೆನ್ಸ್, ನಿಮ್ಮ ಅತಿ ಚಿಕ್ಕ ಎಲಿಮೆಂಟ್ ಅಂಚಿನ ಹತ್ತನೇ ಒಂದು ಭಾಗ ದಾಟದಿರಲಿ. ಅಷ್ಟರಲ್ಲಿ ಸೇರದ ಸಂದನ್ನು ಕೈಯಿಂದ ಮುಚ್ಚಿ. ಅಂದಹಾಗೆ ಫೈಲ್ ಓದಿಸಿದ ತಕ್ಷಣ ಹೌಸಿಂಗಿನ ಉದ್ದ ಅಳೆದು ನೋಡಿ. 300 ಮಿ.ಮೀ. ಇರಬೇಕಾದದ್ದು 0.3 ಅಂತ ಬಂದಿದ್ದರೆ ಅದು ಮೀಟರಿನಲ್ಲಿದೆ, ಆಗ ನೀವು ಕೊಟ್ಟ 0.01 ಅನ್ನುವುದು ನಿಜವಾಗಿ 10 ಮಿ.ಮೀ.

ಇಷ್ಟೆಲ್ಲ ಮಾಡಿ ಮೈ ಪೂರ್ತಿ ಮುಚ್ಚಿದ ಮೇಲೂ ಫೇಲ್ ಆಗುವುದುಂಟು. ಜಿಮೆಶ್‌ನಲ್ಲಾದರೆ ಓವರ್‌ಲ್ಯಾಪಿಂಗ್ ಫೇಸೆಟ್ಸ್ ಅನ್ನುವ ದೂರು ಬರುತ್ತದೆ. ತ್ರಿಕೋನಗಳು ಒಂದನ್ನೊಂದು ಚುಚ್ಚಿಕೊಂಡಿವೆ ಅಂತ ಅದರ ಅರ್ಥ. ಕ್ಯಾಡ್ ತೆರೆದು ನೋಡಿದರೆ ಏನೂ ತಪ್ಪಿರುವುದಿಲ್ಲ, ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ತಪ್ಪು ಕ್ಯಾಡ್‌ನಲ್ಲಿಲ್ಲ, ದುಂಡಗಿನ ಮೈಯನ್ನು ಚಪ್ಪಟೆ ತ್ರಿಕೋನಗಳಿಂದ ಮುಚ್ಚುವುದರಲ್ಲಿದೆ.

ಲೆಕ್ಕ ಹಾಕಿ ನೋಡಿ. ಹೊರ ತ್ರಿಜ್ಯ 10.5, ಒಳ ತ್ರಿಜ್ಯ 10 ಮಿ.ಮೀ. ಇರುವ ಒಂದು ತೆಳು ಕೊಳವೆ. ಎಲಿಮೆಂಟ್ ಸೈಜ್ 8 ಕೊಟ್ಟಿದ್ದೀರಿ. ತ್ರಿಕೋನದ ಅಂಚು ವೃತ್ತದ ಮೇಲೆ ಕೂರುವುದಿಲ್ಲ, ಅದು ಜ್ಯಾ, ಅಂದರೆ ವೃತ್ತದ ಎರಡು ಬಿಂದು ಸೇರಿಸುವ ನೇರ ಗೆರೆ. ಜ್ಯಾದ ನಡುಭಾಗ ವೃತ್ತದಿಂದ ಎಷ್ಟು ಒಳಗೆ ಬರುತ್ತದೆ ಅಂದರೆ, ಸರಿಸುಮಾರಾಗಿ ಉದ್ದದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದಷ್ಟು. ಇಲ್ಲಿ 64 ಭಾಗ 84, ಸುಮಾರು 0.76 ಮಿ.ಮೀ. ಗೋಡೆಯ ದಪ್ಪವೇ 0.5! ಅಂದರೆ ಹೊರಮುಖದ ತ್ರಿಕೋನ ಗೋಡೆಯನ್ನು ದಾಟಿ ಒಳಮುಖದ ಆಚೆಗೆ ಹೋಗಿ ಕೂತಿದೆ. ಸೈಜ್ 3 ಮಾಡಿ, ಅದೇ ಲೆಕ್ಕ 0.11ಕ್ಕೆ ಇಳಿಯುತ್ತದೆ, ತೊಂದರೆ ಮಾಯ. ನಿಮ್ಮ ಹೌಸಿಂಗಿನಲ್ಲಿ ಇಂಥ ಕೊಳವೆ ಇಲ್ಲದಿರಬಹುದು. ಆದರೆ ಆಯಿಲ್ ಹೋಗುವ ರಂಧ್ರ ಹೊರಗೋಡೆಗೆ ತೀರಾ ಹತ್ತಿರ ಬರುವ ಜಾಗ, ಬೇರಿಂಗ್ ಕೂರುವ ಬೋರ್ ಪಕ್ಕದ ಬೋಲ್ಟ್ ರಂಧ್ರ, ಇವುಗಳ ನಡುವೆ ಲೋಹ ಎಷ್ಟು ಉಳಿದಿದೆ ಅಂತ ಅಳೆಯಿರಿ. ಇಡೀ ಹೌಸಿಂಗಿಗೆ ಚಿಕ್ಕ ಸೈಜ್ ಬೇಡ, ಆ ಜಾಗಕ್ಕಷ್ಟೇ ಕೊಡಿ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಕರ್ವೇಚರ್ ಮತ್ತು ಪ್ರಾಕ್ಸಿಮಿಟಿ ನೋಡಿ ಸೈಜ್ ತಾನೇ ಇಳಿಸಿಕೊಳ್ಳುವ ಆಯ್ಕೆ ಇರುತ್ತದೆ. ಜಿಮೆಶ್‌ನಲ್ಲಿ ಕರ್ವೇಚರ್ ಆಯ್ಕೆ ತಾನಾಗಿ ಆನ್ ಇರುವುದಿಲ್ಲ, ನೀವೇ ಮಾಡಬೇಕು.

ಇದರ ಜೊತೆಗೆ ಒಂದು ಕುತೂಹಲದ ಸಂಗತಿ. 1928ರಲ್ಲಿ ಷೋನ್‌ಹಾರ್ಟ್ ಅನ್ನುವ ಜರ್ಮನ್ ಗಣಿತಜ್ಞ ಒಂದು ಆಕಾರ ತೋರಿಸಿದ. ತ್ರಿಕೋನ ಪಟ್ಟಕವನ್ನು ಸ್ವಲ್ಪ ತಿರುಚಿದ ಹಾಗಿರುತ್ತದೆ, ಬರೀ ಆರು ಮೂಲೆ, ಎಂಟು ಮುಖ, ಎಲ್ಲೂ ತೂತಿಲ್ಲ, ಚುಚ್ಚಿಕೊಂಡಿಲ್ಲ. ಆದರೂ ಒಳಗೆ ಹೊಸ ಬಿಂದು ಸೇರಿಸದೆ ಅದನ್ನು ಟೆಟ್ರಾಗಳಾಗಿ ಒಡೆಯಲು ಸಾಧ್ಯವೇ ಇಲ್ಲ. ಮೆಶರ್‌ಗಳು ಬಿಂದು ಸೇರಿಸುತ್ತವೆ ನಿಜ, ಆದರೆ ಹೊರಗಿನ ತ್ರಿಕೋನ ಒಂದೂ ಅಲುಗಬಾರದು ಅಂತ ನೀವು ಕಟ್ಟಿಹಾಕಿದರೆ ಇಕ್ಕಟ್ಟಿನ ಮೂಲೆಗಳಲ್ಲಿ ಒದ್ದಾಡುತ್ತವೆ. ಹೈಪರ್‌ಮೆಶ್‌ನಲ್ಲಿ ಹೊರಗಿನ ತ್ರಿಕೋನವನ್ನು ಫಿಕ್ಸ್ಡ್ ಇಡುವುದಾ ಫ್ಲೋಟ್ ಬಿಡುವುದಾ ಅಂತ ಕೇಳುತ್ತದಲ್ಲ, ಅದು ಇದಕ್ಕೇ. ಪಕ್ಕದ ಪಾರ್ಟ್ ಜೊತೆ ನೋಡ್ ಸೇರಿಸಬೇಕಾದ ಮುಖ ಬಿಟ್ಟು ಉಳಿದದ್ದನ್ನು ಫ್ಲೋಟ್ ಬಿಡಿ.

ಗಂಟೆಗಟ್ಟಲೆ ಓಡುವ ತೊಂದರೆಗೆ ಹೆಚ್ಚು ಹೇಳಬೇಕಾಗಿಲ್ಲ. ಎಲ್ಲೋ ಒಂದು ಚಿಕ್ಕ ಅಂಚಿದೆ. 0.02 ಮಿ.ಮೀ. ಅಂಚೊಂದು ಇದ್ದು, ಗ್ರೋತ್ ರೇಟ್ (ಒಂದು ಪದರದಿಂದ ಮುಂದಿನದಕ್ಕೆ ಸೈಜ್ ಬೆಳೆಯುವ ಪಟ್ಟು) 1.2 ಇದ್ದರೆ, ಅಲ್ಲಿಂದ 5 ಮಿ.ಮೀ. ತಲುಪಲು ಸುಮಾರು 30 ಪದರ ಎಲಿಮೆಂಟ್ ಬೇಕು, ಅದೂ ಎಲ್ಲ ದಿಕ್ಕಿಗೆ. ಅಂಥ ಅಂಚು ಐವತ್ತಿದ್ದರೆ ಕಂಪ್ಯೂಟರ್ ಏನು ಮಾಡೀತು? ಎರಕದ ಭಾಗಗಳಲ್ಲಿ ಇವು ಹುಟ್ಟುವ ಜಾಗ ಗೊತ್ತಿರುವಂಥದ್ದೇ: ಡ್ರಾಫ್ಟ್ (ಅಚ್ಚಿನಿಂದ ಬಿಡಿಸಲು ಇಡುವ ಓರೆ) ಕೊಟ್ಟ ಗೋಡೆಗೆ ಫಿಲೆಟ್ (ಮೂಲೆಯ ದುಂಡು) ಸೇರುವಲ್ಲಿ ಕೂದಲೆಳೆಯಂಥ ಮುಖ ಬರುತ್ತದೆ, ಉಬ್ಬಿಸಿ ಬರೆದ ಪಾರ್ಟ್ ನಂಬರ್ ಮತ್ತು ಲೋಗೋ, ಥ್ರೆಡ್ ಸಮೇತ ಮಾಡಿಟ್ಟ ಬೋಲ್ಟ್ ರಂಧ್ರ. ಲೋಗೋ ಅಳಿಸಿ, ಥ್ರೆಡ್ ತೆಗೆದು ನೆಟ್ಟಗಿನ ರಂಧ್ರ ಮಾಡಿ. ಎಲಿಮೆಂಟ್ ಸೈಜಿನ ಹತ್ತನೇ ಒಂದಕ್ಕಿಂತ ಚಿಕ್ಕ ಅಂಚುಗಳನ್ನೆಲ್ಲ ಹುಡುಕಿಸಿ ಪಕ್ಕದ್ದರೊಡನೆ ಸೇರಿಸಿ. ಫಿಲೆಟ್ ತೆಗೆಯುವಾಗ ಮಾತ್ರ ಕೈ ಬಿಗಿ ಹಿಡಿಯಿರಿ. ಹೊರಮೂಲೆಯ ರೌಂಡ್ ಹೋದರೆ ನಷ್ಟವಿಲ್ಲ. ರಿಬ್ ಬುಡದಂಥ ಒಳಮೂಲೆಯ ಫಿಲೆಟ್ ತೆಗೆದರೆ ಅಲ್ಲಿ ಚೂಪು ಮೂಲೆ ಬರುತ್ತದೆ, ಮೆಶ್ ಸಣ್ಣ ಮಾಡಿದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ನೀವು ಅನಾಲಿಸಿಸ್ ಮಾಡುತ್ತಿರುವುದೇ ಆ ಜಾಗದ ಸ್ಟ್ರೆಸ್ಸಿಗೆ ತಾನೆ.

ಆನ್ಸಿಸ್ ಇದ್ದವರು ಪ್ಯಾಚ್ ಇಂಡಿಪೆಂಡೆಂಟ್ ಹಾಕಿ ಅಂತ ಸಲಹೆ ಕೊಡುತ್ತಾರೆ. ಅದು ತಲೆಕೆಳಗಾಗಿ ಕೆಲಸ ಮಾಡುವ ಮೆಶರ್, ಮೊದಲು ಜಾಗವನ್ನೆಲ್ಲ ಟೆಟ್ರಾದಿಂದ ತುಂಬಿ ಆಮೇಲೆ ಮೈಗೆ ಅಂಟಿಸುತ್ತದೆ. ಕೊಳಕು ಜಿಯಾಮೆಟ್ರಿಯನ್ನು ಚೆನ್ನಾಗಿ ಸಹಿಸಿಕೊಳ್ಳುತ್ತದೆ. ಆದರೆ ಚಿಕ್ಕ ಮುಖಗಳನ್ನು ಕೇಳದೆ ನುಂಗಿಬಿಡಬಹುದು. ಅವಸರಕ್ಕೆ ಪರವಾಗಿಲ್ಲ, ಏನನ್ನು ನುಂಗಿತು ಅಂತ ನೋಡಿಕೊಳ್ಳಿ.

ಎಷ್ಟು ಹುಡುಕಿದರೂ ಕೆಟ್ಟ ಜಾಗ ಸಿಗದಿದ್ದರೆ ಸಾಲಿಡ್ ಅನ್ನು ಒಂದು ಪ್ಲೇನಿನಿಂದ ಎರಡು ಭಾಗ ಮಾಡಿ, ಎರಡನ್ನೂ ಬೇರೆ ಬೇರೆ ಮೆಶ್ ಮಾಡಿ. ಫೇಲ್ ಆದ ಅರ್ಧವನ್ನು ಮತ್ತೆ ಅರ್ಧ ಮಾಡಿ. ಆರು ಸಲ ಕತ್ತರಿಸುವಷ್ಟರಲ್ಲಿ 64ರಲ್ಲಿ ಒಂದು ಭಾಗಕ್ಕೆ ಬಂದಿರುತ್ತೀರಿ, ಅಲ್ಲಿ ಕಣ್ಣಿಗೇ ಕಾಣುತ್ತದೆ. ಬೇಜಾರಿನ ಕೆಲಸ, ಆದರೆ ಕೈಕೊಡುವುದು ಬಹಳ ಕಮ್ಮಿ.

ಈಗ ನೆಗೆಟಿವ್ ಜಾಕೋಬಿಯನ್. ಇದಕ್ಕೆ ಒಂದು ಸಣ್ಣ ಪರೀಕ್ಷೆ ಮಾಡಿ: ಅದೇ ಮೆಶ್ ಅನ್ನು ಮೊದಲು 4 ನೋಡಿನ ಟೆಟ್ರಾ ಆಗಿ ಇಟ್ಟು ಕ್ವಾಲಿಟಿ ನೋಡಿ, ಆಮೇಲೆ 10 ನೋಡಿಗೆ ಬದಲಿಸಿ ನೋಡಿ. 4ರಲ್ಲಿ ಚೆನ್ನಾಗಿದ್ದು 10ರಲ್ಲಿ ಕೆಟ್ಟರೆ ಕಾರಣ ಒಂದೇ, ಮಧ್ಯದ ನೋಡ್. 10 ನೋಡಿನ ಟೆಟ್ರಾಗೆ ಪ್ರತಿ ಅಂಚಿನ ನಡುವೆ ಒಂದು ನೋಡ್ ಇರುತ್ತದೆ, ಮೆಶರ್ ಅದನ್ನು ಎಳೆದು ನಿಜವಾದ ದುಂಡು ಮೈ ಮೇಲೆ ಕೂರಿಸುತ್ತದೆ. ಹೊರಮೂಲೆಯ ರೌಂಡಿನಲ್ಲಿ ಅದು ಆಚೆಗೆ ಹೋಗುತ್ತದೆ, ಅಷ್ಟೇನೂ ತೊಂದರೆ ಇಲ್ಲ. ರಂಧ್ರದಲ್ಲಿ ಮತ್ತು ಒಳಮೂಲೆ ಫಿಲೆಟ್‌ನಲ್ಲಿ ಅದು ಲೋಹದ ಒಳಕ್ಕೆ, ಅಂದರೆ ಎಲಿಮೆಂಟಿನ ಹೊಟ್ಟೆಯೊಳಕ್ಕೆ ನುಗ್ಗುತ್ತದೆ. ಜಾಸ್ತಿ ನುಗ್ಗಿದರೆ ಎಲಿಮೆಂಟ್ ಒಂದು ಕಡೆ ಒಳಗೆ ಮಗುಚುತ್ತದೆ, ಅದೇ ನೆಗೆಟಿವ್ ಜಾಕೋಬಿಯನ್. 3 ಮಿ.ಮೀ. ತ್ರಿಜ್ಯದ 90 ಡಿಗ್ರಿ ಫಿಲೆಟ್ ತೆಗೆದುಕೊಳ್ಳಿ. ಅದರ ಅಡ್ಡಕ್ಕೆ ಒಂದೇ ಎಲಿಮೆಂಟ್ ಹಾಕಿದರೆ ಮಧ್ಯದ ನೋಡ್ 0.88 ಮಿ.ಮೀ. ಒಳಗೆ ಹೋಗುತ್ತದೆ. ನಾಲ್ಕು ಹಾಕಿದರೆ ಬರೀ 0.06. ಹಾಗಾಗಿ ಸ್ಟ್ರೆಸ್ ಬೇಕಾದ ಫಿಲೆಟ್‌ಗೆ ನಾಲ್ಕು ಎಲಿಮೆಂಟ್ ಹಾಕಿ, ಹೇಗಿದ್ದರೂ ಸ್ಟ್ರೆಸ್ ಸರಿಯಾಗಿ ಬರಲು ಅಷ್ಟು ಬೇಕು. ಸ್ಟ್ರೆಸ್ ಬೇಡದ ಮೂಲೆಯಲ್ಲಿ ಒಂದೆರಡು ಎಲಿಮೆಂಟ್ ಕೆಟ್ಟಿದ್ದರೆ ಅವುಗಳ ಮಧ್ಯದ ನೋಡನ್ನು ನೇರ ಅಂಚಿನ ಮೇಲೆಯೇ ಬಿಡಲು ಹೇಳಿ, ಆ ಆಯ್ಕೆ ಎಲ್ಲ ದೊಡ್ಡ ಸಾಫ್ಟ್‌ವೇರಿನಲ್ಲೂ ಇದೆ.

4 ನೋಡಿನಲ್ಲೇ ಕೆಟ್ಟಿದ್ದರೆ ಅದು ಬೇರೆ ಕಾಯಿಲೆ, ಸ್ಲಿವರ್. ನಾಲ್ಕೂ ಮೂಲೆ ಹೆಚ್ಚುಕಮ್ಮಿ ಒಂದೇ ಸಮತಲದಲ್ಲಿ ಬಿದ್ದ ಚಪ್ಪಟೆ ಟೆಟ್ರಾ. ಅಂಚುಗಳ ಉದ್ದ ಚೆನ್ನಾಗಿಯೇ ಇರುತ್ತದೆ, ಘನಫಲ ಮಾತ್ರ ಸೊನ್ನೆಗೆ ಹತ್ತಿರ. ಡೆಲೋನೆ ವಿಧಾನಕ್ಕೆ ಇದು ಹುಟ್ಟು ದೋಷ, ಎರಡು ಆಯಾಮದಲ್ಲಿ ಒಳ್ಳೆಯ ತ್ರಿಕೋನ ಕೊಡುವ ಅದೇ ನಿಯಮ ಮೂರು ಆಯಾಮದಲ್ಲಿ ಸ್ಲಿವರ್ ತಡೆಯುವುದಿಲ್ಲ. ಆಪ್ಟಿಮೈಸ್ ಬಟನ್ ಒತ್ತಿದರೆ ಒಳಗಿನವು ಬಹುಪಾಲು ಹೋಗುತ್ತವೆ. ಹೋಗದೆ ಉಳಿಯುವವು ಹೊರಮೈಗೆ ಅಂಟಿಕೊಂಡವು, ಅಲ್ಲಿ ಮತ್ತೆ ಹೊರಗಿನ ತ್ರಿಕೋನವನ್ನೇ ಸರಿಮಾಡಬೇಕು. ಎಲ್ಲ ಎಲಿಮೆಂಟೂ ಚಂದ ಇರಬೇಕು ಅಂತ ಹಟ ಬೇಡ. ಸಮಬಾಹು ಟೆಟ್ರಾದ ಮುಖಗಳ ನಡುವಿನ ಕೋನ 70.53 ಡಿಗ್ರಿ, ಒಂದು ಅಂಚಿನ ಸುತ್ತ ಐದು ಜೋಡಿಸಿದರೆ 7 ಡಿಗ್ರಿ ಚಿಲ್ಲರೆ ಸಂದು ಉಳಿಯುತ್ತದೆ, ಆರು ಹಿಡಿಸುವುದಿಲ್ಲ. ಪರಿಪೂರ್ಣ ಟೆಟ್ರಾಗಳಿಂದಲೇ ಜಾಗ ತುಂಬಲು ಯಾರಿಂದಲೂ ಆಗುವುದಿಲ್ಲ. ಸರಾಸರಿ ಕ್ವಾಲಿಟಿ ಬಿಡಿ, ಅತಿ ಕೆಟ್ಟ ಹತ್ತು ಎಲಿಮೆಂಟ್ ಎಲ್ಲಿವೆ ಅಂತ ನೋಡಿ. ಬೇರಿಂಗ್ ಬೋರ್ ಹತ್ತಿರ ಇದ್ದರೆ ಸರಿಮಾಡಿ, ಯಾರಿಗೂ ಬೇಡದ ಮೂಲೆಯಲ್ಲಿದ್ದು ಜಾಕೋಬಿಯನ್ ಪಾಸಿಟಿವ್ ಇದ್ದರೆ ಮುಂದೆ ಹೋಗಿ.

ಮೆಶ್ ಆದ ಮೇಲೆ ಲೋಡ್ ಹಾಕುವ ಮೊದಲು ಟೆಟ್ರಾಗಳ ಒಟ್ಟು ಘನಫಲವನ್ನು ಕ್ಯಾಡ್ ಘನಫಲದ ಜೊತೆ ಹೋಲಿಸಿ. ನೂರಕ್ಕೆ ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಎಲ್ಲೋ ಏನೋ ಆಗಿದೆ. ಇಂಥ ಹೌಸಿಂಗಿನಲ್ಲಿ ಆಗುವುದು ಹೆಚ್ಚಾಗಿ ಇದು: ಆಯಿಲ್ ರಂಧ್ರದ ಬಾಯಿಗೆ ಪ್ಲಗ್ ಹಾಕಿದ ಮಾಡೆಲ್ ಬಂದಿರುತ್ತದೆ, ಒಳಗಿನ ಖಾಲಿ ಜಾಗ ಮುಚ್ಚಿದ ಕೋಣೆ ಆಗುತ್ತದೆ, ಮೆಶರ್ ಅದನ್ನೂ ಇನ್ನೊಂದು ಸಾಲಿಡ್ ಅಂದುಕೊಂಡು ತುಂಬಿಬಿಡುತ್ತದೆ. ಸಾಲ್ವರ್ ಒಂದು ಮಾತೂ ಆಡುವುದಿಲ್ಲ. ಕೈಯಲ್ಲಿ ನಿಜವಾದ ಕಾಸ್ಟಿಂಗ್ ಇದ್ದರೆ ತೂಗಿ, ಅಲ್ಯೂಮಿನಿಯಂ ಘನ ಸೆಂ.ಮೀ.ಗೆ ಸುಮಾರು 2.7 ಗ್ರಾಂ. ಬೇರಿಂಗ್ ಹೊರ ರಿಂಗ್ ಕೂಡ ಮಾಡೆಲಿನಲ್ಲಿದ್ದು ಪ್ರೆಸ್ ಫಿಟ್ ಅಂತ ಡಿಸೈನರ್ ಅದನ್ನು 0.03 ಮಿ.ಮೀ. ದೊಡ್ಡದಾಗಿಯೇ ಬರೆದಿದ್ದರೆ ಎರಡು ಸಾಲಿಡ್ ಒಂದರೊಳಗೊಂದು ಹೊಕ್ಕಿರುತ್ತವೆ. ಬೇರೆ ಬೇರೆ ಮೆಶ್ ಮಾಡಿ ಕಾಂಟ್ಯಾಕ್ಟ್ ಕೊಟ್ಟರೆ ಪರವಾಗಿಲ್ಲ. ನೋಡ್ ಹಂಚಿಕೊಳ್ಳಲಿ ಅಂತ ಎರಡನ್ನೂ ಬೂಲಿಯನ್ ಮಾಡಿ ಒಂದಕ್ಕೊಂದು ಕತ್ತರಿಸಿ ಸೇರಿಸಿದರೆ 0.03 ದಪ್ಪದ ಒಂದು ಬಳೆ ಹುಟ್ಟುತ್ತದೆ, ಅದನ್ನು ಮೆಶ್ ಮಾಡುವ ಪಾಡು ಯಾರಿಗೂ ಬೇಡ.

ಇನ್ನು ನಿಮ್ಮ ಸೀನಿಯರ್ ಮಾತು. ಹೆಕ್ಸಾ ಚೆನ್ನಾಗಿರುತ್ತದೆ ಅನ್ನುವುದು ಸುಳ್ಳಲ್ಲ. ರಬ್ಬರ್ ಸೀಲ್, ಗ್ಯಾಸ್ಕೆಟ್, ಒಂದೇ ಅಡ್ಡಕೊಯ್ತ ಉದ್ದಕ್ಕೂ ಇರುವ ಭಾಗ, ಇವಕ್ಕೆ ನಾನೂ ಹೆಕ್ಸಾನೇ ಹಾಕುತ್ತೇನೆ. ರಿಬ್, ಬಾಸ್, ಡ್ರಾಫ್ಟ್ ಎಲ್ಲ ಇರುವ ಎರಕದ ಹೌಸಿಂಗನ್ನು ತಾನಾಗಿ ಪೂರ್ತಿ ಹೆಕ್ಸಾ ಮಾಡಿಕೊಡುವ, ಯಾವ ಆಕಾರಕ್ಕೂ ನಡೆಯುವ ಮೆಶರ್ ಇವತ್ತಿಗೂ ಇಲ್ಲ. ಕೈಯಿಂದ ತುಂಡು ತುಂಡು ಮಾಡಿ ಸ್ವೀಪ್ ಮಾಡುತ್ತ ಕೂತರೆ ವಾರಗಳೇ ಹೋಗುತ್ತವೆ. ಟೆಟ್ರಾಗೆ ಕೆಟ್ಟ ಹೆಸರು ಬಂದಿದ್ದು 4 ನೋಡಿನ ಟೆಟ್ರಾದಿಂದ. ಅದರೊಳಗೆ ಸ್ಟ್ರೇನ್ ಎಲ್ಲ ಕಡೆ ಒಂದೇ ಆಗಿರುವುದರಿಂದ ಬಾಗುವ ಭಾಗ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ, ಆ ಅನುಮಾನ ನ್ಯಾಯವೇ. 10 ನೋಡಿನದ್ದು, ಗೋಡೆಯ ದಪ್ಪಕ್ಕೆ ಎರಡು ಎಲಿಮೆಂಟ್, ನಿಮ್ಮ ಕೆಲಸಕ್ಕೆ ಸಾಕು. ಬರೀ ಬಾಯಲ್ಲಿ ಹೇಳಿದರೆ ಸೀನಿಯರ್ ಒಪ್ಪಲಿಕ್ಕಿಲ್ಲ, ಹಾಗಾಗಿ ಒಂದು ಸಾದಾ ಪಟ್ಟಿ ಮಾಡಿ, ಒಂದು ತುದಿ ಬಿಗಿದು ಇನ್ನೊಂದು ತುದಿಗೆ ಲೋಡ್ ಹಾಕಿ, ಹೆಕ್ಸಾ, 10 ನೋಡಿನ ಟೆಟ್ರಾ, 4 ನೋಡಿನ ಟೆಟ್ರಾ ಮೂರರಲ್ಲೂ ಬಾಗು ಎಷ್ಟು ಬಂತು ಅಂತ ಬರೆದುಕೊಳ್ಳಿ, ಪಕ್ಕದಲ್ಲಿ ಕಾಲೇಜಿನಲ್ಲಿ ಕಲಿತ ಕ್ಯಾಂಟಿಲಿವರ್ ಸೂತ್ರದ ಉತ್ತರ ಇಟ್ಟು ಅವರ ಮುಂದೆ ಇಡಿ. ಅರ್ಧ ಗಂಟೆಯ ಕೆಲಸ. ಮೂರಕ್ಕೂ ಎಲಿಮೆಂಟ್ ಸೈಜ್ ಒಂದೇ ಇರಲಿ, ಇಲ್ಲದಿದ್ದರೆ ಅವರು ಮೊದಲು ಕೇಳುವುದೇ ಅದನ್ನು.